ಆಣೆಯಿಲ್ಲದ ಮಾತು

ದೇವರನ್ನು ನಂಬದವನ ಮಾತನ್ನು ನಂಬುವುದು ಹೇಗೆ? ನಾನು ಹುಟ್ಟಿ ಬೆಳೆದ ಪುತ್ತೂರು ಸೀಮೆಯಲ್ಲಿ ಇದು ದಿನನಿತ್ಯದ ವ್ಯವಹಾರದ ಪ್ರಶ್ನೆ. ತೋಟದ ಗಡಿಯ ತಕರಾರು, ಕೊಟ್ಟ ಸಾಲದ ತಕರಾರು, ಕಳವಿನ ಸಂಶಯ, ಯಾವುದೇ ಇರಲಿ, ಹಿರಿಯರ ಪಂಚಾತಿಕೆಯಲ್ಲೂ ಬಗೆಹರಿಯದೆ ನಿಂತರೆ ಮಾತು ಕೊನೆಗೆ ಬರುತ್ತಿದ್ದದ್ದು ಆಣೆಗೆ. "ಹಾಗಾದರೆ ಬಾ, ಧರ್ಮಸ್ಥಳಕ್ಕೆ ಹೋಗಿ ಹೇಳು" ಎಂದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಸುಳ್ಳು ಹೇಳಿದವನು ದೇವಸ್ಥಾನದ ಬಾಗಿಲವರೆಗೆ ಹೋಗಿ ಬೆವರಿ ಹಿಂದೆ ಬಂದ ಕಥೆಗಳು ಪ್ರತಿ ಮನೆಯಲ್ಲೂ ಇದ್ದವು. ಕೋಲದ ರಾತ್ರಿ ದೈವದ ಎದುರು ಕೈಮುಗಿದು ನಿಂತು ನ್ಯಾಯ ಕೇಳುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ದೈವ ನುಡಿ ಕೊಟ್ಟಿತೆಂದರೆ ಅದರ ಮೇಲೆ ಇನ್ನೊಂದು ಮಾತಿಲ್ಲ. ಪೊಲೀಸ್ ಸ್ಟೇಷನ್ ದೂರ, ಕೋರ್ಟು ಇನ್ನೂ ದೂರ, ದೈವ ಮಾತ್ರ ಹತ್ತಿರ.

ಅಂಥ ಊರಿನಲ್ಲಿ ನನ್ನ ಅಪ್ಪ ದೇವರನ್ನು ನಂಬುತ್ತಿರಲಿಲ್ಲ.

ಅವರು ಯಾರೊಡನೆಯೂ ವಾದ ಮಾಡಿದವರಲ್ಲ. ಹಳ್ಳಿಯ ಸಹಕಾರಿ ಸೊಸೈಟಿಯಲ್ಲಿ ಕಾರ್ಯದರ್ಶಿಯಾಗಿದ್ದರು. ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಚಾವಡಿಯಲ್ಲಿ ಕುಳಿತು ಓದುತ್ತಿದ್ದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನ ಕಟ್ಟಿಕೊಂಡು ಬದುಕಿದ ಕಾಲವನ್ನು ಕಂಡ ತಲೆಮಾರು ಅವರದು. ದೇವರ ಹಂಗಿಲ್ಲದೆ ಒಬ್ಬ ಮನುಷ್ಯ ಇಷ್ಟು ದುಡಿಯಬಹುದು, ಇಷ್ಟು ನೇರವಾಗಿ ಮಾತಾಡಬಹುದು ಎಂಬುದಕ್ಕೆ ಅವರಿಗೆ ಕಣ್ಣೆದುರಿನ ಉದಾಹರಣೆಯೇ ಇತ್ತು. 1968ರಲ್ಲಿ ಬಂದ 'ಮೂಕಜ್ಜಿಯ ಕನಸುಗಳು' ಕಾದಂಬರಿಯನ್ನು ಅಪ್ಪ ಎಷ್ಟು ಸಲ ಓದಿದ್ದರೆಂದರೆ ಪುಸ್ತಕದ ಬೆನ್ನು ಕಿತ್ತುಹೋಗಿ, ಅಜ್ಜಿ ಅದನ್ನು ಗೋಣಿ ಹೊಲಿಯುವ ದಾರದಲ್ಲಿ ಹೊಲಿದು ಕೊಟ್ಟಿದ್ದರು. ನಾನು ಸ್ವಲ್ಪ ದೊಡ್ಡವಳಾದ ಮೇಲೆ, ದೇವರನ್ನು ಯಾಕೆ ನಂಬುವುದಿಲ್ಲ ಎಂದು ಕೇಳಿದ್ದೆ. "ಹುಡುಕಿದೆ, ಸಿಕ್ಕಲಿಲ್ಲ. ಸಿಕ್ಕಿದ ಹಾಗೆ ಮಾಡ್ಲಿಕ್ಕೆ ನನಗೆ ಬರುವುದಿಲ್ಲ" ಎಂದರು. ಮುಂದೆ ಆ ವಿಷಯ ಮಾತಾಡಲಿಲ್ಲ.

ಊರು ಅವರ ಕೈಗೆ ದುಡ್ಡು ಕೊಡುತ್ತಿತ್ತು, ಅಡಿಕೆ ಮೂಟೆ ಒಪ್ಪಿಸುತ್ತಿತ್ತು, ಮಗಳ ಮದುವೆಗೆಂದು ಕೂಡಿಟ್ಟದ್ದನ್ನೂ ತಂದು ಇಡುತ್ತಿತ್ತು. ಆದರೂ ಬೆನ್ನ ಹಿಂದೆ, "ದೇವರಿಗೆ ಹೆದರದವನು ಮತ್ಯಾರಿಗೆ ಹೆದರುತ್ತಾನೆ?" ಎಂಬ ಮಾತು ಸುಳಿಯುತ್ತಲೇ ಇತ್ತು. ಆ ಮಾತಿನಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಭಯವಿಲ್ಲದಲ್ಲಿ ನಿಯತ್ತು ಹೇಗೆ ನಿಂತೀತು ಎಂದು ಅವರಿಗೆ ನಿಜವಾಗಿಯೂ ಅರ್ಥವಾಗುತ್ತಿರಲಿಲ್ಲ.

ಆ ಪ್ರಶ್ನೆ ಒಮ್ಮೆ ಎಲ್ಲರೆದುರೇ ಬಂತು. ಎಪ್ಪತ್ತರ ದಶಕ. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಉಳುವ ಭೂಮಿಗೆ ಡಿಕ್ಲರೇಶನ್ ಕೊಟ್ಟು ಒಡೆಯರಾಗುತ್ತಿದ್ದ ಕಾಲ. ಜಮೀನಿನ ವ್ಯಾಜ್ಯಗಳು ಮೊದಲಿಗಿಂತ ಹೆಚ್ಚಾಗಿದ್ದವು. ಅಂಥದೊಂದು ವ್ಯಾಜ್ಯದಲ್ಲಿ ಅಪ್ಪ ಸಾಕ್ಷಿ. ಕಟ್ಟೆಯ ಮೇಲೆ ಕುಳಿತಿದ್ದ ಎದುರು ಪಕ್ಷದವರು, "ಈ ಸಾಕ್ಷಿ ನಮಗೆ ಆಗುವುದಿಲ್ಲ. ಇವರು ದೈವದ ಎದುರು ಹೇಳಿದರೂ ಅದಕ್ಕೆ ಬೆಲೆ ಎಂತದು?" ಎಂದರು. ಅಲ್ಲಿದ್ದವರು ಯಾರೂ ಅದನ್ನು ಅಲ್ಲಗಳೆಯಲಿಲ್ಲ. ಅಪ್ಪ, "ನೀವು ಹೇಳುವುದು ಸರಿಯೇ. ನಾನು ಆಣೆ ಹಾಕಿದರೆ ಅದು ನಾಟಕ ಆದೀತು. ಕೋರ್ಟಿನಲ್ಲಿ ಹೇಳ್ತೇನೆ" ಎಂದು ಎದ್ದು ಬಂದರು.

ಕೋರ್ಟಿನಲ್ಲಿ ಬೆಂಚ್ ಗುಮಾಸ್ತರು ರೂಢಿಯಂತೆ ದೇವರ ಹೆಸರಿನ ಪ್ರಮಾಣ ಹೇಳಿಕೊಡಲು ಶುರುಮಾಡಿದಾಗ, ಅಪ್ಪ ಅವರನ್ನು ತಡೆದು, ತಾನು ದೇವರ ಹೆಸರು ಹೇಳುವುದಿಲ್ಲ, ಸತ್ಯ ಹೇಳುತ್ತೇನೆಂದು ದೃಢವಾಗಿ ಹೇಳುತ್ತೇನೆ ಎಂದರಂತೆ. ಗುಮಾಸ್ತರು ಗಲಿಬಿಲಿಗೊಂಡು ಮೇಲಕ್ಕೆ ನೋಡಿದರು. ನ್ಯಾಯಾಧೀಶರು ಆಗಬಹುದು ಎಂದು ತಲೆಯಾಡಿಸಿದರು. ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ ಎಂದು ನಾನು ತಿಳಿದದ್ದು ಬಹಳ ಕಾಲದ ಮೇಲೆ. 1969ರ ಪ್ರಮಾಣವಚನ ಕಾಯಿದೆಯ ಪ್ರಕಾರ ಸಾಕ್ಷಿ ದೇವರ ಮೇಲೆ ಪ್ರಮಾಣ ಮಾಡಬಹುದು, ಇಲ್ಲವೇ ದೇವರ ಹೆಸರಿಲ್ಲದೆ ದೃಢವಚನ ಹೇಳಬಹುದು. ಎರಡಕ್ಕೂ ಒಂದೇ ತೂಕ, ಸುಳ್ಳು ಹೇಳಿದರೆ ಎರಡಕ್ಕೂ ಒಂದೇ ಶಿಕ್ಷೆ. ಅದಕ್ಕಿಂತ ಹಿಂದಿನ 1873ರ ಕಾಯಿದೆಯಲ್ಲಿ ವಿಶೇಷ ಆಣೆಗೂ ಜಾಗವಿತ್ತು. ಎದುರು ಪಕ್ಷದವನು ಇಂಥ ಆಣೆ ಹಾಕಿ ಹೇಳಿದರೆ ಅದಕ್ಕೆ ನಾನು ಬದ್ಧ ಎಂದು ಒಬ್ಬ ಒಪ್ಪಿಕೊಂಡು, ಆತ ಹಾಗೆಯೇ ಹೇಳಿದರೆ ನ್ಯಾಯಾಲಯ ಅದನ್ನೇ ಅಂತಿಮ ಸಾಕ್ಷ್ಯವೆಂದು ಪರಿಗಣಿಸುತ್ತಿತ್ತು. 1969ರ ಕಾಯಿದೆ ಆ ಅವಕಾಶವನ್ನು ಕೈಬಿಟ್ಟಿತು. ಅಂದರೆ ನಮ್ಮ ಊರಿನ ಕಟ್ಟೆಯ ನ್ಯಾಯ ಅಪ್ಪ ಸಾಕ್ಷಿ ಹೇಳುವುದಕ್ಕೆ ಕೆಲವೇ ವರ್ಷಗಳ ಹಿಂದಿನವರೆಗೆ ಸರಕಾರಿ ಕೋರ್ಟಿನಲ್ಲೂ ನಡೆಯುತ್ತಿತ್ತು.

ಇದೇ ತಕರಾರು ದೇಶದ ಮಟ್ಟದಲ್ಲಿ ಒಮ್ಮೆ ನಡೆದುಹೋಗಿದೆ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆ ಪ್ರಸ್ತಾವನೆಯನ್ನು ಚರ್ಚಿಸುತ್ತಿತ್ತು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅವರು ಅದು ದೇವರ ಹೆಸರಿನಿಂದ ಆರಂಭವಾಗಬೇಕೆಂದು ತಿದ್ದುಪಡಿ ತಂದರು. ಹೃದಯನಾಥ ಕುಂಜ್ರೂ ವಿರೋಧಿಸಿದರು. ಎಲ್ಲರಿಗೂ ನಂಬಿಕೆಯ ಸ್ವಾತಂತ್ರ್ಯ ಕೊಡುತ್ತೇವೆಂದು ಹೇಳುವ ಪ್ರಸ್ತಾವನೆಯೇ ಎಲ್ಲರ ಮೇಲೆ ಒಂದು ನಂಬಿಕೆಯನ್ನು ಹೇರುವುದು ಸರಿಯಲ್ಲ ಎಂಬುದು ಅವರ ವಾದ. ದೇವರನ್ನು ಮತಕ್ಕೆ ಹಾಕುವ ಸಂಕಟಕ್ಕೆ ನಮ್ಮನ್ನು ದೂಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತರು ಹಿಂದೆಗೆಯಲಿಲ್ಲ, ಮತ ನಡೆಯಿತು. ಪರ 41, ವಿರುದ್ಧ 68. ಆ 68 ಮಂದಿಯಲ್ಲಿ ಆಸ್ತಿಕರು ಎಷ್ಟೋ ಮಂದಿ ಇದ್ದಿರಬೇಕು. ಅವರು ದೇವರನ್ನು ಬಿಟ್ಟವರಲ್ಲ. ನಂಬದವನೂ ಈ ದೇಶದಲ್ಲಿ ಮಾತು ಕೊಡಬಲ್ಲ, ಆ ಮಾತಿಗೆ ನಾವು ಬೆಲೆ ಕೊಡಬೇಕು ಎಂದು ಒಪ್ಪಿದವರು. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳ, ನ್ಯಾಯಾಧೀಶರ ಪ್ರಮಾಣವಚನ ಇಂದಿಗೂ ಎರಡು ರೂಪದಲ್ಲಿದೆ. ಬೇಕಾದ್ದನ್ನು ಆರಿಸಿಕೊಳ್ಳಬಹುದು.

ಕಾನೂನು ಒಪ್ಪಿತು, ಸರಿ. ಊರು ಒಪ್ಪಬೇಕಿತ್ತಲ್ಲ. ಅದಕ್ಕೆ ಕೆಲವು ವರ್ಷ ಹಿಡಿಯಿತು, ಮತ್ತು ಅದು ಆದದ್ದು ಒಂದು ತಕ್ಕಡಿಯ ಕಾರಣದಿಂದ.

ಸೊಸೈಟಿಯ ಅಂಗಳದಲ್ಲಿ ಮೂಟೆ ತೂಗುವ ದೊಡ್ಡ ಪ್ಲಾಟ್‌ಫಾರ್ಮ್ ತಕ್ಕಡಿಯಿತ್ತು. ಸಂಕ್ರಾಂತಿ ಕಳೆದ ಮೇಲೆ ಒಣಗಿದ ಚಾಲಿ ಅಡಿಕೆ ಬರಲು ಶುರು. ತಲೆಹೊರೆಯಲ್ಲಿ ತರುವವರು, ಗಾಡಿಯಲ್ಲಿ ತರುವವರು, ಬುಟ್ಟಿಯಲ್ಲಿ ಹತ್ತು ಹನ್ನೆರಡು ಕಿಲೋ ಮಾತ್ರ ತರುವ ಹೆಂಗಸರು. ಅಪ್ಪ ಮೂಟೆಯ ಒಳಗೆ ಮೊಣಕೈವರೆಗೆ ಕೈ ಹಾಕಿ, ತಳದಿಂದ ಒಂದು ಹಿಡಿ ತೆಗೆದು, ಅಡಕತ್ತರಿಯಲ್ಲಿ ಕೆಲವನ್ನು ಸೀಳಿ ನೋಡುತ್ತಿದ್ದರು. ಒಡೆದದ್ದು ಪಟೋರ, ಕಪ್ಪಾದದ್ದು ಕರಿಗೋಟು. ಆಮೇಲೆ ತೂಕ. ಆಮೇಲೆ ರಿಜಿಸ್ಟರಿನಲ್ಲಿ ಹೆಸರು, ಬಗೆ, ಕಿಲೋ, ರೇಟು.

ಎಂಬತ್ತರ ದಶಕದ ಆರಂಭದ ಒಂದು ವರ್ಷ, ಉಗ್ರಾಣದ ಅಡಿಕೆಯನ್ನು ಮಾರಾಟಕ್ಕೆ ಕಳಿಸಿದಾಗ ಲೆಕ್ಕದಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೂಕ ಬಂತು. ಹಣ ಹೆಚ್ಚು ಬಂದರೆ ಯಾರಿಗೆ ಬೇಸರ? ಆದರೆ ಅಪ್ಪನಿಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಅಡಿಕೆ ಇಟ್ಟಲ್ಲಿ ಒಣಗಿ ತೂಕ ಇಳಿಯುತ್ತದೆ, ಏರುವುದಿಲ್ಲ. ಆಡಳಿತ ಮಂಡಳಿಯ ಒಬ್ಬರು, ಥಂಡಿ ಹೀರಿರಬಹುದು ಎಂದರು. ಮಾರ್ಚ್ ತಿಂಗಳ ಬಿಸಿಲಲ್ಲಿ ಯಾವ ಥಂಡಿ? ಮರುದಿನ ಬೆಳಿಗ್ಗೆ ಅಪ್ಪ ಇಬ್ಬರು ಹಮಾಲಿಗಳನ್ನು ಕರೆದು ತಕ್ಕಡಿಯ ಹಲಗೆ ಎತ್ತಿಸಿದರು. ಅಡಿಯ ಸನ್ನೆಯ ಸಂದಿಯಲ್ಲಿ ಅಡಿಕೆಯ ಸಿಪ್ಪೆ, ಧೂಳು, ಎಣ್ಣೆಯ ಜಿಡ್ಡು ಸೇರಿ ಕಲ್ಲಿನಂತೆ ಗಟ್ಟಿಯಾಗಿತ್ತು. ಹಲಗೆ ಪೂರ್ತಿ ಇಳಿಯುತ್ತಿರಲಿಲ್ಲ. ಮುದ್ರೆಯಿದ್ದ ತೂಕದ ಬಟ್ಟುಗಳನ್ನಿಟ್ಟು ನೋಡಿದರು. ಒಂದು ಮೂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಕಮ್ಮಿ ತೋರಿಸುತ್ತಿತ್ತು.

ಯಾರೂ ಬೇಕೆಂದು ಮಾಡಿದ್ದಲ್ಲ. ಯಾರಿಗೂ ಗೊತ್ತಾಗಿಯೂ ಇರಲಿಲ್ಲ. ಆಡಳಿತ ಮಂಡಳಿಯ ಸಭೆ ಸೇರಿತು. ಅಲ್ಲಿದ್ದವರೆಲ್ಲ ಒಳ್ಳೆಯವರು, ಆ ಹಣ ತಿನ್ನಬೇಕೆಂದು ಒಬ್ಬರಿಗೂ ಮನಸ್ಸಿರಲಿಲ್ಲ. ಅವರು ಒಂದು ದಾರಿ ಹುಡುಕಿದರು. ಊರ ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವ ಹತ್ತಿರ ಬಂದಿತ್ತು. ಹೆಚ್ಚುವರಿ ಹಣವನ್ನು ಅದಕ್ಕೆ ಕೊಟ್ಟುಬಿಡೋಣ, ಮೇಲಿಂದ ಒಂದು ತಪ್ಪುಕಾಣಿಕೆ ಹಾಕೋಣ, ದೇವರಿಗೆ ಹೋದರೆ ಊರಿಗೆಲ್ಲ ಹೋದ ಹಾಗೆ ಅಲ್ಲವೇ? ಎಲ್ಲರೂ ಹೌದೆಂದರು.

ಅಪ್ಪ ಒಪ್ಪಲಿಲ್ಲ. ಆ ಸಭೆಯಲ್ಲಿದ್ದ ನಮ್ಮ ಮಾವನೊಬ್ಬರು ಮನೆಗೆ ಬಂದು ಅಪ್ಪನ ಮಾತನ್ನು ಅಜ್ಜಿಗೆ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. "ದೇವರಿಗೆ ಕೊಡುವವರು ಅವರವರ ಕಿಸೆಯಿಂದ ಕೊಡಲಿ. ಇದು ಇಂಥಿಂಥವರದ್ದು, ಹೆಸರು ರಿಜಿಸ್ಟರಿನಲ್ಲಿ ಉಂಟು. ಅವರಿಗೇ ಮುಟ್ಟಬೇಕು." ಇಷ್ಟು ಮಂದಿಯ ಲೆಕ್ಕ ತೆಗೆಯುವುದು ಆಗುವ ಕೆಲಸವೇ ಎಂದು ಕೇಳಿದ್ದಕ್ಕೆ, ತಾನು ತೆಗೆಯುತ್ತೇನೆ ಎಂದರಂತೆ.

ತೆಗೆದರು. ತಿಂಗಳುಗಟ್ಟಲೆ ರಾತ್ರಿ ಊಟದ ಮೇಲೆ ಚಾವಡಿಯಲ್ಲಿ ಲಾಟೀನು ಇಟ್ಟುಕೊಂಡು ರಿಜಿಸ್ಟರು ಬಿಚ್ಚುತ್ತಿದ್ದರು. ತಕ್ಕಡಿಯನ್ನು ಕೊನೆಯ ಸಲ ಶುಚಿ ಮಾಡಿದ ದಿನದಿಂದ ಹಿಡಿದು ಒಬ್ಬೊಬ್ಬರ ಹೆಸರಿಗೆ ಕಿಲೋ, ಬಗೆ, ಆ ದಿನದ ರೇಟು ಗುಣಿಸಿ ಬರೆದರು. ಸಂಶಯ ಬಂದಲ್ಲೆಲ್ಲ ಬೆಳೆಗಾರನ ಪರವಾಗಿಯೇ ಬರೆದರು. ಮಂಡಳಿ ಕೊನೆಗೆ ಹಣ ಬಿಡುಗಡೆ ಮಾಡಿತು. ಸೊಸೈಟಿಗೆ ಬರುವವರಿಗೆ ಅಲ್ಲೇ ಕೊಟ್ಟರು. ಬಾರದವರ ಮನೆಗೆ ತಾವೇ ಹೋದರು. ಟಾರ್ಚು ಹಿಡಿದುಕೊಂಡು ಹೋಗುವ ಕೆಲಸ ನನ್ನದು.

ಗುಡ್ಡದ ಆಚೆ ಒಬ್ಬ ಮುದುಕಿಯ ಮನೆ. ಡಿಕ್ಲರೇಶನ್ನಿನಲ್ಲಿ ಸಿಕ್ಕಿದ ಚೂರು ತೋಟ, ವರ್ಷಕ್ಕೆ ಕೆಲವು ಬುಟ್ಟಿ ಅಡಿಕೆ. ಅವಳಿಗೆ ಸಲ್ಲಬೇಕಾದ್ದು ಕೆಲವೇ ರೂಪಾಯಿ. ಅಪ್ಪ ಜಗಲಿಯಲ್ಲಿ ಕುಳಿತು ತಕ್ಕಡಿಯ ವಿಷಯವನ್ನೆಲ್ಲ ತುಳುವಿನಲ್ಲಿ ಬಿಡಿಸಿ ಹೇಳಿದರು. ನಿನಗೆ ತೂಕದಲ್ಲಿ ಮೋಸವಾಗಿತ್ತು, ನಮ್ಮ ಕಡೆಯಿಂದ ಆದದ್ದು, ಇದು ನಿನ್ನ ಹಣ ಎಂದರು. ಅವಳು ನೋಟುಗಳನ್ನು ಕಣ್ಣಿಗೆ ಒತ್ತಿಕೊಂಡು, ಒಳಗೆ ಹೋಗಿ ದೈವದ ಮಂಚದ ಮೇಲಿಟ್ಟು ಕೈಮುಗಿದು, ದೈವ ಕಣ್ಣು ಬಿಟ್ಟಿತು ಎಂದಳು. ಹಿಂದೆ ಬರುವಾಗ ನನಗೆ ಸಿಟ್ಟು. ರಾತ್ರಿಯೆಲ್ಲ ಲೆಕ್ಕ ಬರೆದದ್ದು ಅಪ್ಪ, ಹೆಸರು ದೈವಕ್ಕೆ! ಹಾಗೆಂದು ಕೇಳಿಯೇಬಿಟ್ಟೆ. "ಹಣ ಅವಳಿಗೆ ಮುಟ್ಟಿತಲ್ಲ" ಎಂದರು ಅಪ್ಪ. "ಯಾರು ಕೊಟ್ಟದ್ದು ಎಂದು ಅವಳು ಎಣಿಸಿದರೆ ನಮಗೇನು?"

ನೀತಿ ಎಂದರೇನೆಂದು ನನಗೆ ತಿಳಿದದ್ದೆಲ್ಲ ಆ ರಾತ್ರಿಗಳಲ್ಲಿ ತಿಳಿದದ್ದು. ದೇವರನ್ನು ನಂಬದವನಿಗೆ ತಪ್ಪನ್ನು ವರ್ಗಾಯಿಸಲು ಬೇರೆ ಖಾತೆ ಇಲ್ಲ. ಅನ್ಯಾಯ ಯಾರಿಗೆ ಆಯಿತೋ ಅವರ ಜಗಲಿಗೇ ಹೋಗಬೇಕು, ಅವರ ಮುಖ ನೋಡಿಯೇ ಹೇಳಬೇಕು, ಅವರು ಕ್ಷಮಿಸದಿದ್ದರೆ ಕ್ಷಮೆ ಇಲ್ಲ. ಮೇಲಿನವನು ಕ್ಷಮಿಸಿದ ಎಂದು ಹೇಳಿಕೊಂಡು ಹಗುರಾಗುವ ಅವಕಾಶ ಅವನಿಗಿಲ್ಲ. ನಾಸ್ತಿಕನಿಗೆ ಎಲ್ಲವೂ ಸಲೀಸು, ಅವನನ್ನು ಕಟ್ಟುವ ಹಗ್ಗವೇ ಇಲ್ಲ ಎನ್ನುವವರು ಈ ಭಾರವನ್ನು ಕಂಡವರಲ್ಲ.

ಅಜ್ಜಿಯ ಮಾತು ಹೇಳದಿದ್ದರೆ ಈ ಕಥೆ ಅರ್ಧವಾಗುತ್ತದೆ. ಅವರು ಮನೆಯ ದೈವಕ್ಕೆ ಹೂನೀರು ಇಡದೆ ಬಾಯಿಗೆ ನೀರು ಹಾಕಿದವರಲ್ಲ. ಮಂಡಳಿಯವರ ಸಲಹೆ ಅವರ ಕಿವಿಗೆ ಬಿದ್ದಾಗ ಅವರು ಮಗನ ಪರ ನಿಂತರು. ಬೇರೆಯವರ ಬೆವರಿನ ಹಣ ತಂದು ಎದುರಿಗಿಟ್ಟರೆ ದೈವ ಮುಟ್ಟುವುದಿಲ್ಲ ಎಂಬುದು ಅವರ ಕಾರಣ. ಒಬ್ಬರು ದೈವ ಉಂಟೆಂದು, ಇನ್ನೊಬ್ಬರು ಇಲ್ಲವೆಂದು, ಇಬ್ಬರೂ ತಲುಪಿದ್ದು ಅದೇ ಮುದುಕಿಯ ಜಗಲಿಗೆ. ಹಾಗಾಗಿ ನಂಬಿಕೆ ಮನುಷ್ಯನನ್ನು ಮಂಕು ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಅಜ್ಜಿಯ ಬುದ್ಧಿ ನನಗಿಂತ ಚುರುಕಾಗಿತ್ತು. ದೈವ ಹೇಳಿದ್ದಕ್ಕೆ ಒಳ್ಳೆಯದು ಒಳ್ಳೆಯದಾಗುತ್ತದೋ, ಒಳ್ಳೆಯದಾದ್ದರಿಂದ ದೈವ ಹೇಳುತ್ತದೋ ಎಂಬ ಪ್ರಶ್ನೆಯನ್ನು ಗ್ರೀಸಿನಲ್ಲಿ ಸಾಕ್ರಟೀಸ್ ಕೇಳಿದನೆಂದು ಪ್ಲೇಟೋ ಬರೆದಿಟ್ಟಿದ್ದಾನೆ. ಅಕ್ಷರ ಬಾರದ ನನ್ನ ಅಜ್ಜಿ ಅದಕ್ಕೆ ಉತ್ತರ ಕೊಟ್ಟೇಬಿಟ್ಟಿದ್ದರು. ಕದ್ದ ಹಣ ತೆಗೆದುಕೊಳ್ಳುವ ದೈವ ಅವರ ಲೆಕ್ಕದಲ್ಲಿ ದೈವವೇ ಅಲ್ಲ. ಅಂದಮೇಲೆ ಸರಿ ತಪ್ಪಿನ ಅರಿವು ಅವರಲ್ಲಿ ಮೊದಲೇ ಇತ್ತು. ದೈವವನ್ನೂ ಅವರು ಅದರಿಂದಲೇ ಅಳೆದರು.

ನಮ್ಮ ಸೀಮೆಯಲ್ಲೇ ಇದಕ್ಕೆ ಇನ್ನೊಂದು ಸಾಕ್ಷಿಯುಂಟು. ಧರ್ಮಸ್ಥಳದಲ್ಲಿ ದೇವರು ಶಿವ, ಪೂಜೆ ಮಾಡುವವರು ಮಾಧ್ವರು, ಧರ್ಮಾಧಿಕಾರಿಗಳು ಜೈನರು. ಜಗತ್ತನ್ನು ಸೃಷ್ಟಿಸಿ ಪಾಪಪುಣ್ಯದ ತೀರ್ಪು ಕೊಡುವ ಕರ್ತೃವನ್ನು ಜೈನ ದರ್ಶನ ಒಪ್ಪುವುದಿಲ್ಲ. ಆ ದರ್ಶನದಲ್ಲಿ ಕರ್ಮದ ನಿಯಮವಿದೆ, ಪುನರ್ಜನ್ಮವಿದೆ, ಆದ್ದರಿಂದ ಅದನ್ನು ಅಪ್ಪನ ಅಪನಂಬಿಕೆಗೆ ಸಮ ಮಾಡುವುದು ತಪ್ಪು. ಆದರೆ ಅಹಿಂಸೆ, ಸತ್ಯ, ಅಸ್ತೇಯಗಳನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸಿದ ಒಂದು ಪರಂಪರೆ ಸೃಷ್ಟಿಕರ್ತನ ಭಯವಿಲ್ಲದೆಯೇ ಎರಡು ಸಾವಿರ ವರ್ಷಕ್ಕೂ ಮೀರಿ ಬಾಳಿದೆ. ಬುದ್ಧನ ದಾರಿಯೂ ಸೃಷ್ಟಿಕರ್ತನನ್ನು ನೆಚ್ಚಿ ನಿಂತದ್ದಲ್ಲ. ದೇವರಿಲ್ಲದ ನೀತಿ ಪಶ್ಚಿಮದಿಂದ ಬಂದ ಹೊಸ ಸರಕು ಎನ್ನುವವರು ಮೂಡುಬಿದಿರೆಯ ಬಸದಿಯ ಕಂಬಗಳ ನಡುವೆ ಒಮ್ಮೆ ನಿಂತು ಯೋಚಿಸಬೇಕು.

ಓದಿಗೆಂದು ನಾನು ಬೆಂಗಳೂರಿಗೆ ಬಂದೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯ ಉಪನ್ಯಾಸಗಳಿಗೆ ಹೋಗುವುದು ರೂಢಿಯಾಯಿತು. 1962ರಲ್ಲಿ ಅದನ್ನು ಕಟ್ಟಿದ ಎಚ್. ನರಸಿಂಹಯ್ಯನವರನ್ನು ದೂರದಿಂದ ನೋಡಿದ್ದು ಅಲ್ಲಿಯೇ. ಖಾದಿ ಬಟ್ಟೆ, ಗಾಂಧಿ ಟೋಪಿ. ಗೌರಿಬಿದನೂರಿನ ಕಡೆಯ ಬಡ ಮನೆಯ ಹುಡುಗ, 1942ರಲ್ಲಿ ಓದು ಬಿಟ್ಟು ಜೈಲಿಗೆ ಹೋದವರು, ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಮತ್ತೆ ಇದೇ ಕಾಲೇಜಿಗೆ ಮರಳಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ ದೇಶದಲ್ಲೆಲ್ಲ ಸುದ್ದಿಯಾದರು. ನನ್ನನ್ನು ತಟ್ಟಿದ್ದು ಆ ಸುದ್ದಿಗಿಂತ ಅವರು ಬದುಕಿದ ರೀತಿ. ಮದುವೆಯಾಗದೆ, ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಹುಡುಗರ ನಡುವೆಯೇ ಅವರು ಬಾಳಿದರು. 2005ರಲ್ಲಿ ಅವರು ತೀರಿಕೊಂಡಾಗ ಅವರಿಂದ ಓದಿದ ಎಷ್ಟೋ ಆಸ್ತಿಕರು ಮನೆಯವರನ್ನು ಕಳೆದುಕೊಂಡವರಂತೆ ಅತ್ತರು.

ಎ.ಎನ್. ಮೂರ್ತಿರಾಯರ 'ದೇವರು' ಪುಸ್ತಕ 1991ರಲ್ಲಿ ಬಂತು. ತೊಂಬತ್ತು ದಾಟಿದ ಹಿರಿಯರು, ದೇವರ ಇರವನ್ನು ತಾವು ಯಾಕೆ ಒಪ್ಪಲಾರೆವು ಎಂಬುದನ್ನು ಯಾರನ್ನೂ ಕೆಣಕದೆ, ಯಾರನ್ನೂ ಹಳಿಯದೆ ಹೇಳಿದ ಪುಸ್ತಕ. ಕರ್ನಾಟಕ ಸರಕಾರ ಅದಕ್ಕೆ ಪಂಪ ಪ್ರಶಸ್ತಿ ಕೊಟ್ಟಿತು. ಸಾವು ಹತ್ತಿರವಾದ ವಯಸ್ಸಿನಲ್ಲಿ ನಾಸ್ತಿಕರು ಮೆತ್ತಗಾಗುತ್ತಾರೆ ಎಂಬ ಮಾತು ಕೇಳಿ ಕೇಳಿ ಬೇಸತ್ತಿದ್ದ ನನಗೆ ಆ ಪುಸ್ತಕದ ಸಮಾಧಾನದ ದನಿ ಬಹಳ ಹಿಡಿಸಿತು. ಒಂದು ಪ್ರತಿ ಕೊಂಡು ಅಪ್ಪನಿಗೆ ಅಂಚೆಯಲ್ಲಿ ಕಳಿಸಿದೆ.

ಅದೇ ಬೆಂಗಳೂರಿನಲ್ಲಿ ಬೇರೆ ಬಗೆಯವರನ್ನೂ ಕಂಡೆ. ವಿಚಾರವಾದದ ಸಭೆಗಳಲ್ಲಿ ಅಮೋಘವಾಗಿ ಮಾತಾಡುವ ಒಬ್ಬರ ಮನೆಯಲ್ಲಿ ಕೆಲಸದಾಕೆಗೆ ಹಿತ್ತಲಲ್ಲಿ ಬೇರೆ ಲೋಟ. ಅವಳಿಗೆ ಜ್ವರ ಬಂದು ನಾಲ್ಕು ದಿನ ತಪ್ಪಿದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ದೇವರು ಹೋಗಿದ್ದ, ಅವನ ಹೆಸರಿನಲ್ಲಿ ಬಂದಿದ್ದ ಮೈಲಿಗೆ ಹೋಗಿರಲಿಲ್ಲ. ನಂಬದಿರುವುದು ತಾನಾಗಿಯೇ ಯಾರನ್ನೂ ಒಳ್ಳೆಯವರನ್ನಾಗಿ ಮಾಡುವುದಿಲ್ಲ. ದೇವಸ್ಥಾನಕ್ಕೆ ಹೋಗುವುದನ್ನು ಬಿಟ್ಟ ಮೇಲೆ ಮನುಷ್ಯ ಎಲ್ಲಿಗೆ ಹೋಗುತ್ತಾನೆ ಎಂಬುದು ಮುಖ್ಯ.

ಆ ದಿನಗಳಲ್ಲಿ ನನಗೆ ದಾರಿ ತೋರಿಸಿದ್ದು ಆಂಧ್ರದ ಗೋರಾ ಅವರ ಬದುಕು. ಗೋಪರಾಜು ರಾಮಚಂದ್ರ ರಾವ್ ಹುಟ್ಟಿದ್ದು 1902ರಲ್ಲಿ, ಬ್ರಾಹ್ಮಣ ಕುಟುಂಬದಲ್ಲಿ. ಹೆಂಡತಿ ಸರಸ್ವತಿಯೊಡನೆ 1940ರಲ್ಲಿ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ತೆರೆದರು, ಅದು ಮುಂದೆ ವಿಜಯವಾಡಕ್ಕೆ ಬಂತು. ಅವರಿಗೆ ನಾಸ್ತಿಕತೆ ಎಂದರೆ ಮೊದಲ ಕೆಲಸ ಅಸ್ಪೃಶ್ಯತೆಯನ್ನು ಮುರಿಯುವುದು. ಸಹಪಂಕ್ತಿ ಭೋಜನ ಮಾಡಿಸಿದರು. ಉಪ್ಪಿನ ಸತ್ಯಾಗ್ರಹದ ವರ್ಷ ಹುಟ್ಟಿದ ಮಗನಿಗೆ ಲವಣಂ ಎಂದು ಹೆಸರಿಟ್ಟರು. ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯೊಡನೆ ದೇವರ ವಿಷಯವನ್ನು ನೇರವಾಗಿ ಚರ್ಚಿಸಿದರು. ಹಿರಿಯ ಮಗಳು ಮನೋರಮಾ ದಲಿತ ಯುವಕನನ್ನು ಮದುವೆಯಾಗುವುದೆಂದು ನಿಶ್ಚಯವಾದಾಗ ಗಾಂಧೀಜಿ ತಮ್ಮ ಆಶ್ರಮದಲ್ಲೇ ಮದುವೆ ನಡೆಸಲು ಒಪ್ಪಿದರು. ಆಶ್ರಮದ ಪದ್ಧತಿಯಲ್ಲಿ ದಂಪತಿ ದೇವರ ಹೆಸರಿನಲ್ಲಿ ಮಾತು ಕೊಡಬೇಕಿತ್ತು. ಗೋರಾ ಅವರಿಗಾಗಿ ಗಾಂಧೀಜಿ ಅದನ್ನು ಸತ್ಯದ ಹೆಸರಿಗೆ ಬದಲಿಸಲು ಸಮ್ಮತಿಸಿದರು. ಮದುವೆ ನೋಡಲು ಅವರು ಉಳಿಯಲಿಲ್ಲ. 1948ರ ಮಾರ್ಚ್‌ನಲ್ಲಿ, ಅವರ ಹತ್ಯೆಯಾದ ಒಂದೂವರೆ ತಿಂಗಳಿಗೆ, ಅದು ಸೇವಾಗ್ರಾಮದಲ್ಲಿ ನೆರವೇರಿತು. ಪ್ರತಿ ಸಂಜೆ ಪ್ರಾರ್ಥನೆ ಮಾಡುತ್ತಿದ್ದ ಆ ಮುದುಕ, ಪ್ರಾರ್ಥನೆ ಮಾಡದವನ ಮಾತಿಗೆ ದೇವರ ಜಾಮೀನು ಕೇಳಲಿಲ್ಲ. ನಮ್ಮ ಊರಿನ ಕಟ್ಟೆಯ ಮೇಲೆ ಅಪ್ಪನಿಗೆ ಸಿಗದೆ ಹೋದದ್ದು ಅದೇ ಗೌರವ.

ಅಪ್ಪನೂ ಆ ಗೌರವವನ್ನು ಇತರರಿಗೆ ಕೊಡುತ್ತಿದ್ದರು. ಅಜ್ಜಿಗೆ ನಡೆಯಲು ಕಷ್ಟವಾದ ಮೇಲೆ ದೇವಸ್ಥಾನಕ್ಕೆ ಅವರನ್ನು ಕೈಹಿಡಿದು ಕರೆದೊಯ್ಯುತ್ತಿದ್ದದ್ದು ಅವರೇ. ಹೂವಿನ ಬುಟ್ಟಿ ಹಿಡಿದು, ಅಜ್ಜಿಯ ಪ್ರದಕ್ಷಿಣೆ ಮುಗಿಯುವವರೆಗೆ ಹೊರಗೆ ನಿಂತಿರುತ್ತಿದ್ದರು. ತನ್ನ ಕಾಲ ಮುಗಿದ ಮೇಲೆ ಉತ್ತರಕ್ರಿಯೆ ಸರಿಯಾಗಿ ಆಗಬೇಕು ಎಂದು ಅಜ್ಜಿ ಕೇಳಿಕೊಂಡಿದ್ದರು. ಅಪ್ಪ ಆಗಲಿ ಎಂದಿದ್ದರು. ಅಜ್ಜಿ ಹೋದ ಮೇಲೆ ಒಂದನ್ನೂ ಬಿಡದೆ ಎಲ್ಲವನ್ನೂ ಮಾಡಿದರು. ಬೆಂಗಳೂರಿನ ಗೆಳೆಯರಲ್ಲಿ ಕೆಲವರಿಗೆ ಇದು ಸೋಲಿನಂತೆ ಕಂಡಿತು. ನಾನು ಅಪ್ಪನನ್ನೇ ಕೇಳಿದೆ. "ದೇವರಿಗೆ ಮಾಡಿದ್ದಲ್ಲ. ಅಮ್ಮನಿಗೆ ಮಾತು ಕೊಟ್ಟಿದ್ದೆ" ಎಂದರು. ಸತ್ತವರಿಗೆ ಕೊಟ್ಟ ಮಾತನ್ನು ತಪ್ಪಿದರೆ ಕೇಳುವವರು ಯಾರೂ ಇಲ್ಲ, ಅದೂ ಪರಲೋಕವೇ ಇಲ್ಲ ಎನ್ನುವವನಿಗೆ. ಆದರೂ ಅವರು ತಪ್ಪಲಿಲ್ಲ.

ಅವರು ತೀರಿಕೊಂಡದ್ದು ಒಂದು ಮಳೆಗಾಲದಲ್ಲಿ. ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡಬೇಕೆಂದು ಮೊದಲೇ ಬರೆದಿಟ್ಟಿದ್ದರು. ಆಂಬ್ಯುಲೆನ್ಸ್ ಬಂದು ಹೋಯಿತು. ಆಮೇಲೆ ಅಂಗಳದಲ್ಲಿ ನೆರೆದವರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಹೇಳಲು ಮಂತ್ರವಿಲ್ಲ, ಹಚ್ಚಲು ಚಿತೆಯಿಲ್ಲ, ಹಿಡಿಯಲು ಅಕ್ಕಿಕಾಳಿಲ್ಲ. ಬಂದವರು ನಿಂತರು, ಕುಳಿತರು, ಎದ್ದು ಹೋದರು. ಅಮ್ಮ ನಂಬುವವರು. ಗಂಡನ ಮಾತನ್ನು ಅವರು ಮೀರಲಿಲ್ಲ, ಆದರೆ ಹದಿಮೂರು ದಿನ ಅವರ ಕೈಗಳು ಕೆಲಸವಿಲ್ಲದೆ ಒದ್ದಾಡಿದ್ದನ್ನು ನಾನು ನೋಡಿದ್ದೇನೆ. ಧರ್ಮಗಳು ಸಾವಿನ ಮನೆಯಲ್ಲಿ ಮನುಷ್ಯನಿಗೆ ಕೊಡುವ ಆಸರೆ ಸಣ್ಣದಲ್ಲ. ನಂಬದವರು ಅದಕ್ಕೆ ಸಮನಾದದ್ದನ್ನು ಇನ್ನೂ ಕಟ್ಟಿಕೊಂಡಿಲ್ಲ. ಕಟ್ಟಿಕೊಳ್ಳಬೇಕಾಗಿದೆ. ಒಬ್ಬೊಬ್ಬರೇ ನೀತಿವಂತರಾಗಿ ಬದುಕುವುದು ಸಾಧ್ಯ, ಆದರೆ ದುಃಖ ಒಬ್ಬರ ಕೈಗೆ ದಕ್ಕುವುದಿಲ್ಲ. ಹದಿಮೂರನೆಯ ದಿನ ಅಮ್ಮ ಊರವರನ್ನೆಲ್ಲ ಕರೆದು ಊಟ ಹಾಕಿಸಿದರು. ಹಿಂದೆ ಅಪ್ಪನ ಸಾಕ್ಷಿ ಬೇಡವೆಂದಿದ್ದ ಮನೆಯವರು ಬಂದು ಬಡಿಸಲು ನಿಂತರು.

ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿದವಳು. ಮಕ್ಕಳಿಗೆ ದೇವರ ಭಯ ಹೇಳಿಕೊಡದೆ ಬೆಳೆಸಿದರೆ ಹಾದಿ ತಪ್ಪುವುದಿಲ್ಲವೇ ಎಂದು ತಾಯಿ ತಂದೆಯರು ನನ್ನನ್ನು ಕೇಳುತ್ತಿದ್ದರು. ನನ್ನ ತರಗತಿಯಲ್ಲಿ, ಕದಿಯಬಾರದು ಯಾಕೆ ಎಂದು ಕೇಳಿದರೆ ಹೆಚ್ಚಿನ ಮಕ್ಕಳು, ದೇವರು ಕಣ್ಣು ತೆಗೆಯುತ್ತಾನೆ ಎನ್ನುತ್ತಿದ್ದರು. ಮೂಲೆಯಿಂದ ಒಬ್ಬರೋ ಇಬ್ಬರೋ, "ಕಳೆದುಕೊಂಡವರಿಗೆ ಬೇಜಾರಾಗ್ತದೆ" ಎನ್ನುತ್ತಿದ್ದರು. ಮೊದಲನೆಯ ಉತ್ತರದಲ್ಲಿ ಇರುವುದು ತನ್ನ ಕಣ್ಣು. ಎರಡನೆಯದರಲ್ಲಿ ಇರುವುದು ಇನ್ನೊಬ್ಬರ ಮುಖ. ಈ ಎರಡನೆಯ ಉತ್ತರ ಭಕ್ತರ ಮನೆಯ ಮಕ್ಕಳಿಂದಲೂ ಬರುತ್ತಿತ್ತು, ಅಲ್ಲದವರ ಮನೆಯ ಮಕ್ಕಳಿಂದಲೂ ಬರುತ್ತಿತ್ತು.

ಒಮ್ಮೆ ಒಬ್ಬ ತಾಯಿ ಬಂದರು. ಮಗ ಸಹಪಾಠಿಯ ಜಿಯಾಮೆಟ್ರಿ ಪೆಟ್ಟಿಗೆ ಮನೆಗೆ ತಂದು ಅಡಗಿಸಿಟ್ಟಿದ್ದ. ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ತಪ್ಪುಕಾಣಿಕೆ ಹಾಕಿಸಬೇಕೆಂದಿದ್ದೇನೆ, ಸಾಕಲ್ಲ ಟೀಚರ್, ಎಂದರು. ಕಾಣಿಕೆ ಹಾಕುವುದು ಬಿಡುವುದು ನಿಮ್ಮಿಷ್ಟ, ಆದರೆ ಮೊದಲು ಆ ಹುಡುಗನ ಮನೆಗೆ ಹೋಗಿ, ಪೆಟ್ಟಿಗೆಯನ್ನು ಮಗನ ಕೈಯಲ್ಲೇ ಕೊಡಿಸಿ, ನೀವು ಮಾತಾಡಬೇಡಿ, ಅವನೇ ಹೇಳಲಿ ಎಂದೆ. ಅವರು ಹಾಗೆಯೇ ಮಾಡಿದರು. ಮೊದಲು ಆ ಹುಡುಗನ ಮನೆಗೆ, ಆಮೇಲೆ ದೇವಸ್ಥಾನಕ್ಕೆ.

ಆ ಕ್ರಮ ಸರಿ ಎಂದು ನಾನು ನಂಬುತ್ತೇನೆ. ಮೊದಲನೆಯ ಮನೆಗೆ ಹೋಗಿ ಬಂದವರು ಎರಡನೆಯ ಕಡೆಗೂ ಹೋಗಲಿ, ನೆಮ್ಮದಿ ಸಿಗಲಿ. ಹೋಗದಿದ್ದವರ ನೀತಿಯಲ್ಲೂ ಕೊರತೆಯಿಲ್ಲ. ಆದರೆ ಮೊದಲನೆಯ ಮನೆಯನ್ನು ತಪ್ಪಿಸಿ ನೇರವಾಗಿ ಎರಡನೆಯದಕ್ಕೆ ಹೋಗುವವರಿಗೆ ಆಸ್ತಿಕರೆಂಬ ಹೆಸರು ಸಿಕ್ಕೀತು, ಕೊಡಬೇಕಾದ ಸಾಲ ಮಾತ್ರ ಹಾಗೆಯೇ ಉಳಿಯುತ್ತದೆ.